ಮಗಳು ಬರೆದ ಫೊಸ್ಸಾ

ಮಿತ್ರರೇ, ತೀರಿಹೋದ ನನ್ನ ಮಗಳ ವೈದ್ಯಕೀಯ ನೋಟ್ಸನ್ನು ಒಯ್ಯಲು ಇಂದು ಬಿಜ್ಜರಗಿಯ ವಿದ್ಯಾರ್ಥಿನಿಯೊಬ್ಬಳು ತಂದೆಯೊಡನೆ ಮನೆಗೆ ಬಂದಿದ್ದಳು. ಪುಟ ತಿರುವುತ್ತ ನಕ್ಕಳು. ತಲೆಬುರುಡೆಯ ಪಾಠದ ನಡುವೆ ಉದ್ದ ಬಾಲದ ಕಾಡುಪ್ರಾಣಿಯೊಂದರ ಚಿತ್ರವಿತ್ತು.

"ಬುರುಡಿ ಒಳಗಿನ ತಗ್ಗಿಗೆ ಫೊಸ್ಸಾ ಅಂತಾರ್ರಿ ಕಾಕಾ. ಮಡಗಾಸ್ಕರದಾಗ ಬೇಟಿ ಆಡೋ ಈ ಪ್ರಾಣಿಗೂ ಅದೇ ಹೆಸರೈತಿ. ಅಕ್ಕ ಚ್ಯಾಷ್ಟಿ ಮಾಡ್ಯಾಳ."

ಆ ಪದವನ್ನು ನಾನು ಕಂಡದ್ದು ಮಗಳ ಸ್ಕ್ಯಾನ್ ವರದಿಯಲ್ಲಿ, ಗಡ್ಡೆಯಿದ್ದ ಜಾಗದ ಹೆಸರಾಗಿ. ಅದಕ್ಕೆ ಬಾಲವೂ ಇರಬಹುದೆಂದು ಅರಿತಿರಲಿಲ್ಲ.

"ಈ ಪುಸ್ತಕ ಕೊಡಾಕ ಆಗೂದಿಲ್ಲವಾ" ಎಂದೆ.

ಹುಡುಗಿಯ ಮುಖ ಬಾಡಿತು. ಮುಂದಿನ ವಾರವೇ ಅವಳಿಗೆ ಪರೀಕ್ಷೆ. ಅವಳ ತಂದೆ ಮೆಲ್ಲಗೆ ಹೇಳಿದರು: "ನಾವು ಎಮ್ಮಿ ಮಾರಿದ್ರೂ ಅದರ ಹಗ್ಗ ಕೊಡೂದಿಲ್ರಿ, ಮನ್ಯಾಗ ಇಟ್ಕೋತೀವಿ. ಈ ಒಂದ್ ಹಾಳಿ ನೀವು ಇಟ್ಕೋರಿ."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗೆ ಕೊನೆಯ ಮಾತು ಬಿಟ್ಟುಕೊಟ್ಟವನಲ್ಲ ನಾನು. ಇಂದು ಬಿಟ್ಟುಕೊಟ್ಟೆ. ಎದ್ದು ಕತ್ತರಿ ತಂದೆ. ಹಾಳೆಯ ಎರಡೂ ಬದಿಯ ಪಾಠವನ್ನು ಹುಡುಗಿ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು.

ಚಿತ್ರವೀಗ ನನ್ನ ಮೇಜಿನ ಮೇಲಿದೆ. ಓದುವ ಹೊತ್ತಿನಲ್ಲಿ ಚಿತ್ರ ಬಿಡಿಸುತ್ತ ಕುಳಿತದ್ದಕ್ಕೆ ಮಗಳನ್ನು ಗದರಬೇಕಿತ್ತು. ನನ್ನ ಕೈಗೆ ತೀರ ತಡವಾಗಿ ಸಿಕ್ಕಿಬಿದ್ದಿದ್ದಾಳೆ.