ಕಂಪ್ಯೂಟರ್ ಓದದ ಸಾಲುಗಳು

"ಅದರಿಂದ ಕಂಪ್ಯೂಟರ್ ಫಾಸ್ಟ್ ಆಗ್ತದಾ ಮಾರಾಯ್ರೆ?" ಎಂದು ಇವತ್ತು ಟೈಲರ್ ರಫೀಕ್ ಕೇಳಿದರು. ಕೊಪ್ಪದ ಬಾಳಗಡಿಯಲ್ಲಿ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಅಂಟಿಕೊಂಡೇ ಅವರ ಅಂಗಡಿ.

ಗೆಳೆಯರೇ, ನಾನು ಬೆಳಿಗ್ಗೆಯಿಂದ ಹಳೆಯ ನೆಟ್‌ವರ್ಕ್ ಕಾರ್ಡೊಂದರ ಡ್ರೈವರಿನಲ್ಲಿ, ಅಂದರೆ ಅದನ್ನು ಓಡಿಸುವ, ಯಾರು ಬೇಕಾದರೂ ತಿದ್ದಿ ಕಳಿಸಬಹುದಾದ ಪ್ರೋಗ್ರಾಮಿನಲ್ಲಿ, ಕಾಮೆಂಟುಗಳನ್ನು ಒಪ್ಪ ಮಾಡುತ್ತಿದ್ದೆ. ಕೋಡಿನ ನಡುವೆ ಮನುಷ್ಯರಿಗಾಗಿ ಬರೆದಿಡುವ ವಿವರಣೆಗಳವು. ಒಬ್ಬೊಬ್ಬರು ಒಂದೊಂದು ರೀತಿ ಬರೆದಿದ್ದನ್ನು ಒಂದೇ ರೀತಿಗೆ ತಂದು, ಸಾಲುಗಳ ಮೊದಲಿಗೆ ಹಾಕುವ ನಕ್ಷತ್ರ ಚಿಹ್ನೆಗಳನ್ನು ನೆಟ್ಟಗೆ ನಿಲ್ಲಿಸಿದ್ದೆ.

"ಇಲ್ಲ, ಕಂಪ್ಯೂಟರ್ ಅದನ್ನ ಓದೋದೇ ಇಲ್ಲ" ಎಂದೆ.

"ಮತ್ತೆ ಯಾರು ಓದ್ತಾರೆ?"

"ನನ್ನ ಹಾಗೆ ಸರಿ ಮಾಡೋಕೆ ಬಂದವರು."

"ಅಂಗಿ ಒಳಗಿನ ಹೊಲಿಗೆಗೆ ನಾನು ಇಷ್ಟು ಹೊತ್ತು ತಗೊಂಡ್ರೆ ಗಿರಾಕಿ ಬೈತಾರೆ."

ಬೈಯಲು ನನಗೆ ಗಿರಾಕಿಯೂ ಇರಲಿಲ್ಲ.

ತಿದ್ದಿದ್ದನ್ನು ಕಳಿಸಿದ ಮೇಲೆ, ಮಧ್ಯಾಹ್ನ ಆ ಡ್ರೈವರ್ ನೋಡಿಕೊಳ್ಳುವವರ ಮೇಲ್ ಬಂತು. ಎಲ್ಲಿಯವರೋ, ನಾನು ಅವರ ಮುಖ ಕಂಡವನಲ್ಲ. "ಕಾಮೆಂಟುಗಳು ಚೆನ್ನಾಗಿವೆ. ಆದರೆ ಈ ಕಾರ್ಡನ್ನು ಇನ್ನೂ ಯಾರಾದರೂ ಬಳಸುತ್ತಾರೆಯೇ? ಇಲ್ಲದಿದ್ದರೆ ಡ್ರೈವರನ್ನೇ ತೆಗೆದುಬಿಡೋಣ."

ನನ್ನ ಅಂಗಡಿಯ ಇಂಟರ್ನೆಟ್ ಬರುವುದೇ ಆ ಕಾರ್ಡಿನಲ್ಲಿ. "ನಾನು ಬಳಸುತ್ತೇನೆ" ಎಂದು ಬರೆದೆ.

"ಬೇರೆ ಯಾರಾದರೂ?" ಎಂದು ಅವರ ಮರು ಮೇಲ್ ಬಂತು.

ಶೃಂಗೇರಿಯ ರಿಪೇರಿಯವರಿಗೆ ಫೋನ್ ಮಾಡಿದೆ. "ಅದು ಗುಜರಿಗೆ ಹೋಗಿ ಯಾವ ಕಾಲ ಆಯ್ತು" ಎಂದರು. ನರಸಿಂಹರಾಜಪುರದವರು ಫೋನೇ ಎತ್ತಲಿಲ್ಲ.

ರಫೀಕ್ ಹೊಲಿಗೆ ಮಿಷನ್ ನಿಲ್ಲಿಸಿದರು. "ನನ್ನನ್ನೂ ಸೇರಿಸಿ. ನನ್ನ ಮೊಬೈಲ್ ಓಡೋದು ನಿಮ್ಮ ವೈಫೈನಲ್ಲೇ ಅಲ್ವಾ?"

ಪಾಸ್‌ವರ್ಡ್ ಯಾವಾಗ ಸಿಕ್ಕಿತು ಎಂದು ನಾನು ಕೇಳಲಿಲ್ಲ. "ನಾವು ಇಬ್ಬರಿದ್ದೇವೆ" ಎಂದು ಉತ್ತರ ಕಳಿಸಿದೆ. ಕೊಪ್ಪಕ್ಕೆ ಬಂದ ಆರು ವರ್ಷದಲ್ಲಿ ನಾನು "ನಾವು" ಎಂದು ಬರೆದದ್ದು ಇದೇ ಮೊದಲು.