ಖೈರುನಬಿ ಹರಿದ ಬಲೆಗಳು

ನಮ್ಮ ಬೆಳ್ಳಟ್ಟಿಯಲ್ಲಿ ಖೈರುನಬಿಯಷ್ಟು ಹಟಮಾರಿ ಹೆಂಗಸನ್ನು ನಾನು ಕಂಡಿಲ್ಲ. ಕೌದಿ ಹೊಲಿದು ಸಂಸಾರ ತೂಗಿಸಿದ ಈ ಮುದುಕಿ ನಮ್ಮ ನೆರೆಯವಳು. ಅವಳ ಮನೆಯ ಮೂಲೆಮೂಲೆಯಲ್ಲೂ ಜೇಡರ ಬಲೆ. ಸೊಸೆ ಕಸಬರಿಗೆ ಎತ್ತಿದರೆ ಬೈಗುಳ. ಪೈಗಂಬರರು ಗವಿಯಲ್ಲಿದ್ದಾಗ ಬಾಗಿಲಿಗೆ ಬಲೆ ಹೆಣೆದು ವೈರಿಗಳನ್ನು ಹಿಂದಕ್ಕೆ ಕಳಿಸಿದ ಹುಳ ಅದು, ಅದರ ಮನೆ ಕೆಡಿಸಬಾರದು ಎನ್ನುತ್ತಿದ್ದಳು. ನಮ್ಮಿಬ್ಬರ ಹಿತ್ತಲ ನಡುವೆ ಕಳ್ಳಿಯ ಬೇಲಿ. ಮಳೆ ಹಿಂದಾಗುವ ಹೊತ್ತಿಗೆ ಹಳದಿ ಪಟ್ಟೆಯ ದೊಡ್ಡ ಜೇಡಗಳು ಅಲ್ಲಿ ಗಾಲಿಯಂಥ ಬಲೆ ಕಟ್ಟಿ ನಡುವೆ ತಲೆಕೆಳಗಾಗಿ ಕೂರುತ್ತಿದ್ದವು. ನಾನು ಕೋಲು ಹಿಡಿದೆನೋ, ಆಕೆ ವಾರಗಟ್ಟಲೆ ಮಾತು ಬಿಡುತ್ತಿದ್ದಳು.

ಗದಗ ಹೊಸ ಜಿಲ್ಲೆಯಾಗಿತ್ತು. ಇನ್ನು ಧಾರವಾಡದ ತನಕ ಅಲೆಯುವುದು ತಪ್ಪಿತು, ದೊಡ್ಡಾಸ್ಪತ್ರೆ ಹತ್ತಿರ ಬಂತು ಎಂದು ಜನ ಹಿಗ್ಗಿದ್ದೇ ಹಿಗ್ಗಿದ್ದು. ಹತ್ತಿರ ಅಂದರೆ ಎಷ್ಟು ಹತ್ತಿರ ಎಂದು ಯಾರೂ ಕೇಳಿಕೊಳ್ಳಲಿಲ್ಲ, ನಾನೂ ಕೇಳಿರಲಿಲ್ಲ.

ಒಂದು ಸಂಜೆ ಅವಳ ಮೊಮ್ಮಗ, ಐದು ವರ್ಷದ ರಮೀಜ, ಆಡುವಾಗ ಗಾಜಿನ ಚೂರು ತುಳಿದ. ಸಣ್ಣ ಗಾಯ. ಅರಿಸಿನ ಒತ್ತಿ ಬಟ್ಟೆ ಕಟ್ಟಿ ಮಲಗಿಸಿದರು. ಬೆಳಕು ಹರಿಯುವಾಗ ಸೊಸೆ ಜಾಸ್ಮಿನ ನಮ್ಮ ಬಾಗಿಲು ಬಡಿದಳು.

“ವಿದ್ಯಕ್ಕ, ಹುಡುಗನ ರಕ್ತ ನಿಲ್ಲವಲ್ದು. ಕೌದಿ ಎಲ್ಲಾ ತೊಯ್ದೈತಿ. ನನ್ನ ತಮ್ಮನೂ ಹಿಂಗ ಆಗಿ ತೀರಿಹೋಗಿದ್ದ.”

ಓಡಿದೆ. ಹುಡುಗನ ತುಟಿ ಬಿಳಿಚಿತ್ತು. ಅವನ ಅಪ್ಪ ಮುರ್ತುಜಾ ಬಳೆ ಮಾರಲು ಮುಂಡರಗಿ ಕಡೆ ಹೋಗಿದ್ದ. ಓಣಿಗೆ ಇದ್ದದ್ದು ಗವಿಸಿದ್ದಪ್ಪನ ಟಂಟಂ ಆಟೋ ಒಂದೇ, ಅದೂ ಲಕ್ಷ್ಮೇಶ್ವರದ ಸಂತೆಗೆ ಹೋಗಿತ್ತು. ಗದಗಿನ ಮೊದಲ ಬಸ್ಸಿಗೆ ಇನ್ನೂ ಹೊತ್ತಿತ್ತು. ಯಾವುದಾದರೂ ಗಾಡಿ ಸಿಕ್ಕೀತೆಂದು ನನ್ನ ಗಂಡ ಕನಕರಾಜ ರಸ್ತೆಗೆ ಓಡಿದ.

ಗಾಯಕ್ಕೆ ಜೇಡರ ಬಲೆ ಒತ್ತಿದರೆ ರಕ್ತ ಕಟ್ಟುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಆ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಾಗಲಿಲ್ಲ. ಖೈರುನಬಿ ತಾನೇ ಎದ್ದಳು. ಮೂಲೆಯ ಬಲೆಗಳನ್ನೆಲ್ಲ ಬರಿಗೈಯಿಂದ ಬಳಿದು ಮೊಮ್ಮಗನ ಅಂಗಾಲಿಗೆ ಒತ್ತಿದಳು. ನೋಡನೋಡುತ್ತ ಅದೂ ಕೆಂಪಾಗಿ ಸೋರಿತು. ಹಿತ್ತಲಿಗೆ ಓಡಿದಳು. ಬೇಲಿಯ ಜೇಡಗಳು ಹಳೆಯ ಬಲೆ ತಿಂದು ಹೊಸದನ್ನು ಹೆಣೆದು ಕೂತಿದ್ದವು, ಇಬ್ಬನಿಯಲ್ಲಿ ಎಲ್ಲವೂ ಕಾಣುತ್ತಿತ್ತು.

“ಮಾಫ್ ಮಾಡವಾ, ಮಾಫ್ ಮಾಡವಾ” ಎನ್ನುತ್ತ ಒಂದೊಂದನ್ನೂ ಬೆರಳಿಗೆ ಸುತ್ತಿ ಹರಿದಳು. ಕಳ್ಳಿಮುಳ್ಳು ಚುಚ್ಚಿ ಅವಳ ಅಂಗೈಯಲ್ಲೂ ರಕ್ತ ಬಂತು, ಬಂದು ತಾನಾಗಿ ನಿಂತಿತು. ಅದನ್ನೇ ನೋಡುತ್ತ ಒಂದು ಗಳಿಗೆ ನಿಂತುಬಿಟ್ಟಳು. ಇಡೀ ಬೇಲಿಯ ಬಲೆ ಸೇರಿ ಕಡಲೆಕಾಳಿನಷ್ಟಾಗಿತ್ತು. ನನಗೆ ಅಳು ತಡೆಯಲಾಗಲಿಲ್ಲ.

ಗಾಡಿ ಸಿಗಲಿಲ್ಲ, ಬಸ್ಸೇ ಬಂತು. ನಾನೂ ಅವರ ಜೊತೆ ಹತ್ತಿದೆ. ಗದಗ ಮುಟ್ಟುವ ತನಕ ಖೈರುನಬಿ ಹುಡುಗನ ಪಾದವನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು.

“ಈ ಹೊಲಸು ಯಾಕ ಹಚ್ಚಿದ್ರಿ? ಇದರಿಂದ ಏನೂ ಆಗಂಗಿಲ್ಲ. ಒತ್ತಿ ಹಿಡದೀರಲ್ಲ, ಅದಕ್ಕ ಉಳದಾನ” ಎಂದು ಗದರುತ್ತ ಡಾಕ್ಟರು ಗಾಯ ತೊಳೆದರು. ರಕ್ತದ ಬಾಟಲಿ ಏರಿಸಿದರು. ಹುಡುಗ ಉಳಿದ. ಆದರೆ ಅವನ ರಕ್ತಕ್ಕೆ ಹೆಪ್ಪುಗಟ್ಟುವ ಗುಣವಿಲ್ಲ, ಹುಟ್ಟಿನಿಂದಲೇ ಬಂದದ್ದು, ಪೂರ್ತಿ ವಾಸಿಯಾಗುವುದಲ್ಲ, ಎಲ್ಲಿ ಪೆಟ್ಟಾದರೂ ತಡಮಾಡದೆ ಕರೆತನ್ನಿ ಎಂದರು.

“ರಾತ್ರಿ ಆದ್ರ ಹೆಂಗ್ರಿ?” ಎಂದಳು ಖೈರುನಬಿ.

ಡಾಕ್ಟರು ಮುಂದಿನ ಹಾಸಿಗೆಗೆ ಹೋದರು.

ಊರಿಗೆ ಮರಳಿದ ಮೇಲೆ ದಿನಾ ಬೆಳಗ್ಗೆ ಆಕೆ ಬೇಲಿಯ ಬಲೆ ಹರಿದು ತಗಡಿನ ಡಬ್ಬಿಯಲ್ಲಿ ತುಂಬತೊಡಗಿದಳು. ಓಣಿಯವರು ತಲೆಕೆಟ್ಟಿದೆ ಎಂದರು. ನನಗೂ ಸಿಟ್ಟು ಬಂತು.

“ಚಾಚಿ, ಡಾಕ್ಟರು ಹೇಳಿದ್ದು ಕೇಳ್ಲಿಲ್ಲೇನು? ಇದರಿಂದ ಏನೂ ಆಗಂಗಿಲ್ಲ.”

“ಗೊತ್ತೈತಿ ವಿದ್ಯಾ” ಎಂದಳು, ಕೈ ನಿಲ್ಲಿಸಲಿಲ್ಲ. “ಬಸ್ ಬರೂತನಕ ಕೂಸಿನ ಮುಂದ ಬರಿಗೈಲೆ ಹೆಂಗ ಕುಂಡ್ರಲಿ?”

ನನ್ನ ಸಿಟ್ಟು ಎಲ್ಲಿ ಹೋಯಿತೋ. ಅವಳ ಬದಿಯ ಬೇಲಿ ಆಗಲೇ ಬರಿದಾಗಿತ್ತು.

“ಈ ಕಡೀಗೂ ಅದಾವು ಚಾಚಿ, ಬಾ” ಎಂದೆ.