ಇಬ್ಬರು ಅಜ್ಜಿಯರ ನಡುವಿನ ಸೀಟು

ಎರಡು ವರ್ಷದ ಮಗುವಿನ ವಿಷಯದಲ್ಲಿ ಅರುವತ್ತು ದಾಟಿದ ಹೆಂಗಸು ಹೊಟ್ಟೆಕಿಚ್ಚು ಪಡಬಾರದು. ನಾನು ಪಟ್ಟೆ. ನೆಲದ ಮೇಲೆ ಪಟ್ಟದ್ದು ಸಾಲದೆಂದು ಮುಂಬೈಯಿಂದ ಲಂಡನ್ನಿನವರೆಗೆ ಆಕಾಶದಲ್ಲಿಯೂ ಪಟ್ಟೆ. ವಿಮಾನದವರು ಪೆಟ್ಟಿಗೆ ತೂಗುತ್ತಾರೆ, ಕೈಚೀಲ ತೂಗುತ್ತಾರೆ, ಉಪ್ಪಿನಕಾಯಿಯ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ. ಹೊಟ್ಟೆಯೊಳಗೆ ಏನಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದ್ದರೆ ನನ್ನನ್ನು ಮಂಗಳೂರಿನಲ್ಲಿಯೇ ಮನೆಗೆ ಕಳಿಸುತ್ತಿದ್ದರು.

ಮಗುವಿನ ಹೆಸರು ತನ್ವಿ, ನನ್ನ ಮಗ ರಕ್ಷಿತನ ಮಗಳು. ಸೊಸೆ ನಿಶ್ಮಿತಾ ಇಂಗ್ಲೆಂಡಿನ ಒಂದು ಊರಿನ ಆಸ್ಪತ್ರೆಯಲ್ಲಿ ನರ್ಸ್. ರಕ್ಷಿತ್ ಅದೇ ಊರಿನ ಬೇಕರಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಅವಳಿಗೆ ರಾತ್ರಿ ಪಾಳಿ, ಅವನಿಗೆ ಬೆಳಗಿನ ಜಾವದ ಪಾಳಿ. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಇಬ್ಬರೂ ಹೈರಾಣಾಗಿ, ನಿಶ್ಮಿತಾಳಿಗೆ ಹಗಲು ಪಾಳಿ ಸಿಗುವವರೆಗೆ ಎಂದು ತನ್ವಿಯನ್ನು ಊರಿಗೆ ತಂದುಬಿಟ್ಟರು. ಕೆಲವು ವಾರ ಕಾಪುವಿನ ನಮ್ಮ ಮನೆ, ಕೆಲವು ವಾರ ಕಾರ್ಕಳದಲ್ಲಿ ನಿಶ್ಮಿತಾಳ ತಾಯಿ ಜಲಜಕ್ಕನ ಮನೆ, ಹೀಗೆ ಮಗು ನಮ್ಮಿಬ್ಬರ ನಡುವೆ ಕಾರಿನಲ್ಲಿ ಓಡಾಡುತ್ತ ಬೆಳೆಯಿತು.

ನನ್ನ ಹೊಟ್ಟೆಕಿಚ್ಚಿನ ಮೊದಲ ಕಿಡಿ ಬಿದ್ದದ್ದು ಅವಳು ಮಾತು ಕಲಿತಾಗ. ಊರಿನ ಹೆಸರು ಸೇರಿಸಿ ಅಜ್ಜಿಯರನ್ನು ಕರೆಯುವುದು ನಮ್ಮಲ್ಲಿ ರೂಢಿ. ನಾನು ‘ಕಾಪಜ್ಜಿ’ ಆದೆ. ಜಲಜಕ್ಕ ‘ಕಾರ್ಕಳಜ್ಜಿ’ ಆಗಬೇಕಿತ್ತು. ಆದರೆ ಆ ಪದ ಮಗುವಿನ ನಾಲಗೆಗೆ ಹೊರಳಲಿಲ್ಲ. ಹಾಗಾಗಿ ಅವರು ಬರೀ ‘ಅಜ್ಜಿ’ ಆದರು. ಯೋಚಿಸಿ ನೋಡಿ. ಒಬ್ಬಳು ವಿಳಾಸವಿರುವ ಅಜ್ಜಿ, ಇನ್ನೊಬ್ಬಳು ಅಪ್ಪಟ ಅಜ್ಜಿ. ಮೂವತ್ತು ವರ್ಷ ಒಂದನೆಯ ತರಗತಿಯ ಮಕ್ಕಳಿಗೆ ‘ಅ’ ತಿದ್ದಿಸಿದ ನಾನು ನನ್ನ ಮೊಮ್ಮಗಳಿಗೆ ‘ಕಾರ್ಕಳ’ ಎಂದು ಹೇಳಿಸಲು ಪಟ್ಟ ಪಾಡು ನನಗೇ ಗೊತ್ತು. ಕೊನೆಗೆ ಅವಳು ‘ಕಾಕಳ’ ಎನ್ನುವವರೆಗೆ ಬಂದಳು. ಅದು ಊರೋ ಹಕ್ಕಿಯೋ ಎಂದು ನನ್ನ ಯಜಮಾನರು ಕೇಳಿದರು.

ಈ ಹೊಟ್ಟೆಕಿಚ್ಚಿಗೆ ಶಾಸ್ತ್ರದ ಆಧಾರವೂ ಉಂಟು. ನಮ್ಮ ತುಳುನಾಡಿನ ಬಹಳ ಮನೆತನಗಳಲ್ಲಿ ಮಕ್ಕಳು ತಾಯಿಯ ‘ಬರಿ’ಗೆ, ಅಂದರೆ ತಾಯಿಯ ಕಡೆಯ ವಂಶಕ್ಕೆ ಸೇರಿದವರು. ಆಸ್ತಿಯ ಕಾನೂನು ಯಾವತ್ತೋ ಬದಲಾಯಿತು, ಮನಸ್ಸಿನ ಕಾನೂನು ಬದಲಾಗಿಲ್ಲ. ದೈವದ ಮುಂದೆ ನಿಂತರೆ ತನ್ವಿ ಜಲಜಕ್ಕನ ಮನೆಯವಳು. ಹೆಣ್ಣು ಮಗುವಾದ್ದರಿಂದ ಆ ಮನೆಯ ಬಳ್ಳಿ ಹಬ್ಬಿಸುವವಳು. ನಾನು ಎಷ್ಟೇ ಎಣ್ಣೆ ಹಚ್ಚಿ ಮೀಯಿಸಲಿ, ಗಂಜಿ ತಿನ್ನಿಸಲಿ, ಲೆಕ್ಕದಲ್ಲಿ ಹೊರಗಿನವಳು. ಒಬ್ಬಳು ಮಗಳಿದ್ದರೆ ನನಗೂ ಒಂದು ಗತಿಯಿತ್ತು. ಇರುವುದು ಒಬ್ಬ ಮಗ. ಅವನ ಮಗು ನನ್ನ ಮೂಗನ್ನೇ ಹೊತ್ತುಕೊಂಡು ಹುಟ್ಟಿದರೂ ಬರಿ ಮಾತ್ರ ಜಲಜಕ್ಕನದು. ಇದನ್ನು ಅವರು ಒಂದು ದಿನವೂ ಬಾಯಿ ಬಿಟ್ಟು ಹೇಳಿದವರಲ್ಲ. ಹೇಳಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಈ ವರ್ಷ ನಿಶ್ಮಿತಾಳಿಗೆ ಹಗಲು ಪಾಳಿ ಸಿಕ್ಕಿತು. ಮಗುವನ್ನು ಕರೆದುಕೊಂಡು ಬನ್ನಿ ಎಂದು ಫೋನ್ ಬಂತು. ಒಬ್ಬರು ಹೋದರೆ ಸಾಕಿತ್ತು. ಆದರೆ ಯಾರು ಆ ಒಬ್ಬರು? ‘ಟೀಚರೇ, ನಿಮಗೆ ಯಾಕೆ ಸುಮ್ಮನೆ ತೊಂದರೆ, ನಾನೇ ಕರ್ಕೊಂಡು ಹೋಗ್ತೇನೆ’ ಎಂದರು ಜಲಜಕ್ಕ. ಊರಿಗೆಲ್ಲ ಟೀಚರ್ ಆದ ನಾನು ಅವರಿಗೂ ಟೀಚರೇ. ‘ಛೆ ಛೆ, ನಿಮ್ಮ ಮಂಡಿನೋವಿಗೆ ಅಷ್ಟು ದೂರ ಕೂತ್ಕೊಳ್ಳಲಿಕ್ಕೆ ಆಗ್ತದಾ?’ ಎಂದೆ ನಾನು. ಪರಸ್ಪರರ ಆರೋಗ್ಯದ ಬಗ್ಗೆ ಅಷ್ಟೊಂದು ಕಾಳಜಿ ನಮಗೆ ಹಿಂದೆಂದೂ ಇರಲಿಲ್ಲ. ಕೊನೆಗೆ ಇಬ್ಬರ ಟಿಕೆಟೂ ಆಯಿತು. ‘ನೀವು ಮಗು ಬಿಡ್ಲಿಕ್ಕೆ ಹೋಗುವುದಾ, ಎಲೆಕ್ಷನ್ನಿಗೆ ನಿಲ್ಲುವುದಾ ಮಾರಾಯ್ತಿ?’ ಎಂದು ಯಜಮಾನರು ನಕ್ಕರು.

ಎಲೆಕ್ಷನ್ನೇ ಸರಿ. ಮತದಾರಳು ಒಬ್ಬಳೇ, ಅವಳಿಗೆ ಎರಡು ವರ್ಷ. ಪ್ರಚಾರದ ಸಾಮಗ್ರಿಗಾಗಿ ನಾನು ಮಣಿಪಾಲದ ಅಂಗಡಿಗಳನ್ನು ಅಲೆದೆ. ಬಟ್ಟೆಯ ಪುಸ್ತಕ, ಅಂಟಿಸಿ ಕೀಳುವ ಚಿತ್ರಗಳು, ನೀರು ಹಚ್ಚಿದರೆ ಬಣ್ಣ ಬರುವ ಹಲಗೆ. ಕಾಪುವಿನ ಕಡಲ ತೀರದಿಂದ ಚಿಪ್ಪು ಆರಿಸಿ, ತೊಳೆದು, ಒಣಗಿಸಿ, ಒಂದು ಚೀಲದಲ್ಲಿ ಕಟ್ಟಿದೆ. ತೆಂಗಿನ ಗರಿಯಲ್ಲಿ ಹಾವು, ಗಿಳಿ ಮಾಡಿದೆ. ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿದೆ. ಬಿಚ್ಚುವುದರಲ್ಲಿಯೇ ಮಗುವಿಗೆ ಅರ್ಧ ಹೊತ್ತು ಕಳೆಯಬೇಕು ಎಂಬುದು ನನ್ನ ಉಪಾಯ. ಮೊಬೈಲ್ ಮಾತ್ರ ತೋರಿಸುವುದು ಬೇಡ ಎಂದು ಜಲಜಕ್ಕನ ಹತ್ತಿರ ಮೊದಲೇ ಮಾತಾಡಿಕೊಂಡಿದ್ದೆ. ಅವರು ಅಮಾಯಕರ ಹಾಗೆ ತಲೆಯಾಡಿಸಿದ್ದರು.

ಮುಂಬೈಯಲ್ಲಿ ದೊಡ್ಡ ವಿಮಾನ ಹತ್ತಿದೆವು. ಕಿಟಕಿಯ ಹತ್ತಿರ ಜಲಜಕ್ಕ, ನಡುವೆ ತನ್ವಿ, ಈಚೆ ಬದಿ ನಾನು. ವಿಮಾನ ಏರಿ ಸೀಟು ಬೆಲ್ಟು ಬಿಚ್ಚಬಹುದು ಎಂದದ್ದೇ ನಾನು ಚೀಲ ತೆರೆದೆ. ತನ್ವಿ ಬಟ್ಟೆಯ ಪುಸ್ತಕದ ಮೂಲೆಯನ್ನು ಒಮ್ಮೆ ಜಗಿದು ಕೆಳಗೆ ಹಾಕಿದಳು. ಅಂಟಿಸುವ ಚಿತ್ರಗಳನ್ನು ಒಟ್ಟಿಗೇ ಕಿತ್ತು ಮುಂದಿನ ಸೀಟಿನ ಗಂಡಸಿನ ಬೋಳು ತಲೆಯ ಕಡೆಗೆ ಕೈ ಚಾಚಿದಳು. ಹಾವಿನ ಬಾಲ ಎಳೆದಳು, ಹಾವು ಗರಿಯಾಯಿತು. ಲಂಡನ್ನಿನವರೆಗೆ ಬರಬೇಕಿದ್ದ ನನ್ನ ಸರಕು ಅರಬ್ಬೀ ಸಮುದ್ರ ದಾಟುವ ಮೊದಲೇ ಮುಗಿಯುವ ಲಕ್ಷಣ ಕಂಡಿತು. ಚಿಪ್ಪಿನ ಚೀಲವೊಂದು ಉಳಿದಿತ್ತು. ಅವಳು ಒಂದು ಚಿಪ್ಪನ್ನು ಕಿವಿಗೆ ಹಿಡಿದು ‘ಹಲೋ’ ಎಂದಳು. ನನ್ನ ಜೀವ ಹಿಗ್ಗಿತು.

ಆಗ ಆಚೆ ಬದಿಯಿಂದ ‘ಅಂಬಾ’ ಎಂದು ಒಂದು ಕೂಗು ಕೇಳಿತು.

ಜಲಜಕ್ಕ ಮೊಬೈಲ್ ತೆಗೆದಿದ್ದರು. ಅದರೊಳಗೆ ಕಾರ್ಕಳದ ಅವರ ಹಟ್ಟಿಯ ಕೆಂಪು ಕರು. ತನ್ವಿಗೆ ಆ ಕರುವೆಂದರೆ ಪ್ರಾಣ. ಕರು ಹಾಲು ಕುಡಿಯುವುದು, ಕರು ಓಡುವುದು, ಕರು ಹುಲ್ಲಿನ ರಾಶಿಗೆ ತಲೆ ಹಾಕುವುದು, ಎಲ್ಲವನ್ನೂ ಅವರು ದಿನಗಟ್ಟಲೆ ಹಿಡಿದಿಟ್ಟುಕೊಂಡಿದ್ದರು. ಚಿಪ್ಪು ನೆಲಕ್ಕೆ ಬಿತ್ತು. ಮಗು ಅವರ ಮಡಿಲೇರಿತು.

‘ಮೊಬೈಲ್ ಬೇಡ ಅಂತ ಹೇಳಿದ್ದೆವಲ್ಲ?’ ಎಂದೆ.

‘ಇದು ಮೊಬೈಲಾ ಟೀಚರೇ? ಇದು ನಮ್ಮ ಕರು ಅಲ್ವಾ’ ಎಂದರು.

ಹೊಟ್ಟೆಕಿಚ್ಚು ಕಣ್ಣಿನಲ್ಲಿ ಹುಟ್ಟಿ ಹೊಟ್ಟೆಯಲ್ಲಿ ಬೇಯುತ್ತದೆ. ಅದಕ್ಕೇ ನಮ್ಮ ಹಿರಿಯರು ಕಣ್ಣುಕಿಸುರು ಎಂದೂ ಹೊಟ್ಟೆಯುರಿ ಎಂದೂ ಎರಡು ಹೆಸರಿಟ್ಟು, ದಾರಿಯ ಎರಡೂ ತುದಿಯನ್ನು ಗುರುತಿಸಿದ್ದಾರೆ. ಆ ದಿನ ನಾನು ದಾರಿಯುದ್ದಕ್ಕೂ ಉರಿದೆ. ವಿಮಾನದ ಹುಡುಗಿ ತಂದಿಟ್ಟ ಊಟ ರುಚಿಸಲಿಲ್ಲ. ಮಗು ಅವರ ಎದೆಗೆ ಒರಗಿ ನಗುವಾಗೆಲ್ಲ ನಾನು ಎದುರಿನ ಪರದೆಯಲ್ಲಿ ನಮ್ಮ ವಿಮಾನ ಎಲ್ಲಿದೆ ಎಂದು ನೋಡುತ್ತ ಕುಳಿತೆ. ದೇವರೇ, ಆ ಮೊಬೈಲಿನ ಚಾರ್ಜ್ ಮುಗಿಯಲಿ ಎಂದು ಬೇಡಿಕೊಂಡದ್ದೂ ಹೌದು. ಕೃಷ್ಣಮಠದಲ್ಲಿ ನಿಂತು ಬೇಡಿದ್ದು ಎಷ್ಟೋ ನಡೆಯದೆ ಹೋಗಿದೆ, ಇದು ಮಾತ್ರ ತಕ್ಷಣ ನಡೆಯಿತು.

ಪರದೆ ಕಪ್ಪಾಯಿತು. ‘ಕಲು! ಕಲು ಬೇಕು!’ ಎಂದು ತನ್ವಿ ಕಿರುಚಿದ ಕಿರುಚಾಟಕ್ಕೆ ನಿದ್ದೆ ಹೋದವರೆಲ್ಲ ಎದ್ದರು. ಸೀಟಿನ ಚಾರ್ಜಿಂಗ್ ತೂತಿಗೆ ಜಲಜಕ್ಕನ ಪಿನ್ನು ಕೂರಲಿಲ್ಲ. ಅವರು ಚಕ್ಕುಲಿ ಕೊಟ್ಟರು, ಅದು ಹಾರಿತು. ನಾನು ಗಿಳಿ ಕೊಟ್ಟೆ, ಅದೂ ಹಾರಿತು. ಮಗು ಬಿಲ್ಲಿನಂತೆ ಬಾಗಿ ಅಳುತ್ತಿತ್ತು. ಆಗ ನನಗೆ ಏನು ತೋಚಿತೋ, ಅವಳ ಮುಖದ ಹತ್ತಿರ ಬಾಗಿ ಮೆಲ್ಲಗೆ ‘ಅಂಬಾ’ ಎಂದೆ.

ಅಳು ನಿಂತಿತು. ಅವಳು ನನ್ನನ್ನು ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರರಂತೆ ನೋಡಿದಳು. ಇನ್ನೊಮ್ಮೆ ‘ಅಂಬಾ’ ಎಂದೆ. ಕರು ಒಪ್ಪಿಗೆಯಾಯಿತು. ಆಮೇಲೆ ಕೇಳಬೇಡಿ. ಅವಳು ಪೇಪರ್ ನ್ಯಾಪ್ಕಿನ್ ಹರಿದು ಹುಲ್ಲೆಂದು ನನ್ನ ಬಾಯಿಗೆ ತುರುಕಿದಳು, ಲೋಟದಲ್ಲಿ ಕಲಗಚ್ಚು ಕುಡಿಸಿದಳು, ದುಪಟ್ಟಾವನ್ನು ಹಗ್ಗ ಮಾಡಿ ಎಳೆದಳು. ಶೌಚಾಲಯದ ಬಳಿಯ ಇಕ್ಕಟ್ಟಿನಲ್ಲಿ ನಾನು ನಾಲ್ಕು ಕಾಲಿನಲ್ಲಿ ನಡೆದದ್ದನ್ನು ನನ್ನ ಹಳೆಯ ವಿದ್ಯಾರ್ಥಿಗಳು ಯಾರೂ ನೋಡಲಿಲ್ಲ ಎಂದು ನಂಬಿದ್ದೇನೆ. ಕೊನೆಗೆ ಅವಳು ‘ಕಾಪಜ್ಜಿ ಕಲು’ ಎಂದು ಗೊಣಗುತ್ತ ನನ್ನ ಹೆಗಲ ಮೇಲೆಯೇ ನಿದ್ದೆ ಹೋದಳು. ಕೈ ಜೋಮು ಹಿಡಿಯಿತು, ಮಂಡಿ ಚೀತ್ಕರಿಸಿತು. ನಾನು ಅಲುಗಾಡಲಿಲ್ಲ. ಜಲಜಕ್ಕ ‘ಕೊಡಿ ಇಲ್ಲಿ, ನಿಮಗೆ ಕೈ ನೋಯ್ತದೆ’ ಎಂದು ಎರಡು ಸಲ ಕೇಳಿದರು. ‘ಇಲ್ಲ, ಎಂತ ನೋವೂ ಇಲ್ಲ’ ಎಂದೆ. ಅವರು ಕೆಳಗೆ ಬಿದ್ದ ಚಿಪ್ಪುಗಳನ್ನು ಒಂದೊಂದಾಗಿ ಹೆಕ್ಕಿ ಚೀಲಕ್ಕೆ ತುಂಬಿದರು. ಅವರ ಮುಖ ನೋಡಿ ನನಗೆ ಸಂತೋಷವಾಯಿತು. ಬಹಳ ಸಂತೋಷವಾಯಿತು.

ವಿಮಾನ ನಿಲ್ದಾಣದ ಹೊರಬಾಗಿಲಿನಲ್ಲಿ ರಕ್ಷಿತನೂ ನಿಶ್ಮಿತಾಳೂ ನಿಂತಿದ್ದರು. ನಿಶ್ಮಿತಾ ಜನರ ನಡುವೆ ನುಗ್ಗಿಕೊಂಡು ಓಡಿಬಂದಳು. ಎರಡೂ ಕೈ ಚಾಚಿ, ‘ಚಿನ್ನೂ, ಅಮ್ಮ ನೋಡು, ಬಾ ಮಗಾ’ ಎಂದಳು.

ತನ್ವಿ ಅವಳನ್ನು ನೋಡಿದಳು. ನಂತರ ನನ್ನ ಕುತ್ತಿಗೆಯಲ್ಲಿ ಮುಖ ಹುದುಗಿಸಿ ‘ಬೇಡ’ ಎಂದಳು.

ನಾನು ಗೆದ್ದಿದ್ದೆ. ಬರಿಯನ್ನೂ ಕರುವನ್ನೂ ಗೆದ್ದಿದ್ದೆ. ನಿಶ್ಮಿತಾ ಚಾಚಿದ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ನನ್ನ ಚೀಲವನ್ನು ಎತ್ತಿಕೊಂಡಳು. ‘ಇರ್ಲಿ ಮಾಮಿ, ನಿದ್ದೆಗಣ್ಣಲ್ಲಿ ಇದ್ದಾಳಲ್ಲ ಅವಳು. ನಿಮ್ಮ ಹತ್ರವೇ ಇರ್ಲಿ’ ಎಂದು ನಕ್ಕಳು. ನಗುವಾಗ ಅವಳು ನೋಡಿದ್ದು ಮಗುವನ್ನಲ್ಲ, ಮಗುವಿನ ಬೆನ್ನ ಮೇಲಿದ್ದ ನನ್ನ ಕೈಯನ್ನು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಇಷ್ಟು ದಿನ ನಾನು ಹಾಗೆ ನೋಡುತ್ತಿದ್ದೆ. ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ. ಹೊಟ್ಟೆಕಿಚ್ಚು ಪಡುವುದು ಕಷ್ಟ ಎಂದುಕೊಂಡಿದ್ದೆ. ಹೆತ್ತ ತಾಯಿ ನಮ್ಮ ಮೇಲೆ ಹೊಟ್ಟೆಕಿಚ್ಚು ಪಡುವಂತಾದರೆ ಆ ಕಷ್ಟ ಬೇರೆಯೇ. ನನಗೆ ನಾಚಿಕೆಯಾಯಿತು.

ಮನೆ ಸೇರಿದ ಮೇಲೂ ತನ್ವಿ ನನ್ನ ಕಾಲು ಬಿಡಲಿಲ್ಲ. ನಿಶ್ಮಿತಾ ಊಟ ಕೊಟ್ಟರೆ ‘ಕಾಪಜ್ಜಿ’, ಮೀಯಿಸಲು ಕರೆದರೆ ‘ಅಜ್ಜಿ’. ನಿಶ್ಮಿತಾ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಜಲಜಕ್ಕ ನನ್ನನ್ನು ಮೂಲೆಗೆ ಕರೆದರು. ‘ಟೀಚರೇ, ನಾವು ಇಬ್ಬರೂ ಹೀಗೆ ಎಳೆದಾಡಿದ್ರೆ ನನ್ನ ಮಗಳಿಗೆ ಎಂತ ಉಳೀತದೆ?’ ಎಂದರು. ಅವರ ಕಣ್ಣು ತುಂಬಿತ್ತು. ನಾನು ಅವರ ಕೈ ಹಿಡಿದುಕೊಂಡೆ. ಬೀಗರಾದ ಮೇಲೆ ನಾವು ಮಾಡಿಕೊಂಡ ಮೊದಲ ನಿಜವಾದ ಒಪ್ಪಂದ ಅದು: ಈ ಮನೆಯಲ್ಲಿರುವಷ್ಟು ದಿನ ಇಬ್ಬರೂ ಬೋರು ಹೊಡೆಸುವ ಮುದುಕಿಯರಾಗಬೇಕು.

ಮಗುವನ್ನು ನಗಿಸುವುದಕ್ಕೆ ಜಗತ್ತಿನಲ್ಲಿ ಬೇಕಾದಷ್ಟು ಉಪಾಯಗಳಿವೆ, ಕೇಳಿದರೆ ಯಾರು ಬೇಕಾದರೂ ಹೇಳಿಕೊಡುತ್ತಾರೆ. ಮಗುವಿಗೆ ನಮ್ಮಲ್ಲಿ ಬೇಸರ ಬರಿಸುವುದು ಹೇಗೆಂದು ಯಾರೂ ಹೇಳಿಕೊಟ್ಟಿಲ್ಲ. ತನ್ವಿ ಬಂದು ‘ಕಲು ಮಾಡು’ ಎಂದರೆ ನಾನು ‘ಕರು ಮಲಗಿದೆ’ ಎಂದು ಕಣ್ಣು ಮುಚ್ಚುತ್ತಿದ್ದೆ. ಜಲಜಕ್ಕ ಮೊಬೈಲನ್ನು ಸೂಟ್‌ಕೇಸಿನಲ್ಲಿ ಬೀಗ ಹಾಕಿ ಇಟ್ಟರು. ಮಗು ನಮ್ಮಿಬ್ಬರ ಮುಖವನ್ನೂ ಸರದಿಯಲ್ಲಿ ನೋಡಿ, ಈ ಎರಡೂ ಕೆಟ್ಟುಹೋಗಿವೆ ಎಂಬ ತೀರ್ಮಾನಕ್ಕೆ ಬಂದಂತೆ ತೋರುತ್ತಿತ್ತು. ಮುಚ್ಚಿದ ಕಣ್ಣಿನೊಳಗೆ ನಾನು ಎಷ್ಟು ಸಲ ‘ಅಂಬಾ’ ಎಂದೆನೋ ಲೆಕ್ಕವಿಲ್ಲ.

ನಿಶ್ಮಿತಾಳಿಗೆ ಆಟ ಆಡಿಸಲು ಬರುತ್ತಿರಲಿಲ್ಲ. ಅವಳಿಗೆ ಬರುತ್ತಿದ್ದದ್ದು ಅವಳ ಕೆಲಸ. ಒಂದು ದಿನ ಗೊಂಬೆಯ ಕಾಲಿಗೆ ಬ್ಯಾಂಡೇಜು ಸುತ್ತಿದಳು. ತನ್ವಿ ದೂರದಲ್ಲಿ ನಿಂತು ನೋಡಿದಳು. ಮರುದಿನ ಹತ್ತಿರ ನಿಂತಳು. ಆಮೇಲೆ ತಾಯಿಯ ಮಡಿಲಲ್ಲಿ ಕುಳಿತು ಬ್ಯಾಂಡೇಜಿನ ತುದಿ ಹಿಡಿದುಕೊಂಡಳು. ವಾರ ಕಳೆಯುವುದರೊಳಗೆ ಆ ಮನೆಯಲ್ಲಿ ಕುರ್ಚಿಯ ಕಾಲು, ಚಮಚ, ಅಪ್ಪನ ಮೂಗು ಎಲ್ಲಕ್ಕೂ ಪಟ್ಟಿ ಬಿತ್ತು. ಇಬ್ಬರೂ ತಲೆಗೆ ತಲೆ ತಾಗಿಸಿ ಕುಳಿತು ನನ್ನ ಮಂಡಿಗೂ ಒಂದು ಸುತ್ತಿದರು. ‘ಅಮ್ಮ, ಕಾಪಜ್ಜಿಗೆ ಉಫ್ ಮಾಡು’ ಎಂದಳು ತನ್ವಿ. ನಿಶ್ಮಿತಾ ನನ್ನ ಮಂಡಿಗೆ ಉಫ್ ಮಾಡಿ ತಲೆಯೆತ್ತಿದಾಗ ಅವಳ ಮುಖದಲ್ಲಿ ಆ ಹಳೆಯ ನೋಟವಿರಲಿಲ್ಲ. ಅದು ನನ್ನ ಮುಖಕ್ಕೆ ವಾಪಸು ಬಂದಿತ್ತೋ ಏನೋ, ನಾನು ಬೇಗ ಮಂಡಿ ನೋಡಿಕೊಂಡೆ.

ನಾವು ಹೊರಡುವ ದಿನ ತನ್ವಿ ತಾಯಿಯ ಸೊಂಟದ ಮೇಲೆ ಕುಳಿತು ವಿಮಾನ ನಿಲ್ದಾಣಕ್ಕೆ ಬಂದಳು. ಅವಳು ಅತ್ತರೆ ಏನು ಮಾಡುವುದು ಎಂದು ನಾವಿಬ್ಬರೂ ಹಿಂದಿನ ದಿನವಿಡೀ ಯೋಚಿಸಿ, ಹೇಗೆ ಮೆಲ್ಲಗೆ ಜಾರಿಕೊಳ್ಳುವುದೆಂದು ನಿಶ್ಚಯಿಸಿದ್ದೆವು. ಅದರ ಅಗತ್ಯವೇ ಬೀಳಲಿಲ್ಲ. ಅವಳು ಚೆನ್ನಾಗಿ ಟಾಟಾ ಮಾಡಿದಳು. ಒಂದು ಮುತ್ತನ್ನು ಗಾಳಿಯಲ್ಲಿ ಎಸೆದಳು. ಮತ್ತೆ ತಾಯಿಯ ಕಿವಿಯ ಓಲೆ ಹಿಡಿದುಕೊಂಡು ಅದರಲ್ಲಿಯೇ ಮುಳುಗಿದಳು. ಒಳಗೆ ಹೋಗಿ ತಿರುಗಿ ನೋಡಿದರೆ ಅವರು ಹೊರಟೇ ಹೋಗಿದ್ದರು.

ವಿಮಾನದಲ್ಲಿ ನಮ್ಮ ನಡುವಿನ ಸೀಟಿನಲ್ಲಿ ಯಾರೂ ಇರಲಿಲ್ಲ.

‘ಒಮ್ಮೆಯಾದ್ರೂ ಅಳಬಹುದಿತ್ತಲ್ಲ ಟೀಚರೇ ಆ ಹುಡುಗಿ’ ಎಂದರು ಜಲಜಕ್ಕ.

ನಾನೂ ಅದನ್ನೇ ಯೋಚಿಸುತ್ತ ಕುಳಿತಿದ್ದೆ. ಆದರೆ ಟೀಚರಲ್ಲವೇ, ‘ಅಳದದ್ದೇ ಒಳ್ಳೆಯದಾಯ್ತು. ಅತ್ತಿದ್ರೆ ಯಾರ ಹೆಸರು ಹಿಡಿದು ಅತ್ತದ್ದು ಅಂತ ನಾವು ಮುಂಬೈವರೆಗೂ ಜಗಳ ಆಡ್ತಿದ್ದೆವು’ ಎಂದೆ.

ಜಲಜಕ್ಕ ಜೋರಾಗಿ ನಕ್ಕರು. ನಾನೂ ನಕ್ಕೆ. ನಗು ನಿಂತ ಮೇಲೆ ಕಣ್ಣೊರೆಸಿಕೊಳ್ಳಲು ಕರವಸ್ತ್ರ ಹುಡುಕಿದೆ, ಸಿಗಲಿಲ್ಲ. ಅವರ ಸೆರಗು ಖಾಲಿ ಸೀಟಿನ ಮೇಲೆ ಬಿದ್ದಿತ್ತು. ಅದನ್ನೇ ಎಳೆದುಕೊಂಡೆ. ಒಂದು ತುದಿಯನ್ನು ಅವರು ತಮಗೆಂದು ಉಳಿಸಿಕೊಂಡರು.